ಇಲ್ಲಿ ನಂಗೆ ಅರ್ಥ ಆಗ್ಲಿಲ್ಲ

ನಮ್ಮ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಓದು ಅಂದರೆ ಅವಳದೇ. ಪ್ರಾರ್ಥನೆಯ ಹೊತ್ತಿನಲ್ಲಿ ಪೇಪರ್ ಓದೋಕೆ ಅವಳೇ ಬೇಕು. ಒತ್ತಕ್ಷರ, ಮಹಾಪ್ರಾಣ ಒಂದೂ ತಪ್ಪುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಒಂದು ದಿನ ಅವಳು ಪಾಠದ ಒಂದು ಪುಟ ಗಟ್ಟಿಯಾಗಿ ಓದಿ ಮುಗಿಸಿದಳು. "ಏನಾಯ್ತಮ್ಮ ಇಲ್ಲಿ? ನಿನ್ನ ಮಾತಲ್ಲಿ ಹೇಳು" ಅಂದೆ. ಅವಳು ಪುಸ್ತಕ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಅದೇ ಪುಟವನ್ನು ಮೊದಲಿಂದ ಓದೋಕೆ ಶುರು ಮಾಡಿದಳು.

ಮಾರನೇ ದಿನ ಬೋರ್ಡ್ ಮೇಲೆ ಒಂದು ಸಾಲು ಬರೆದೆ. "ಮುಂಜಳದ ಗಿಬ್ಬಿಯು ತೋರಟೆಯನ್ನು ಸಿಮುಕಿತು." ಇದರಲ್ಲಿ ಯಾವ ಪದಕ್ಕೂ ಅರ್ಥ ಇಲ್ಲ. ನಾನೇ ಕಟ್ಟಿದ್ದು. ಕೆಳಗೆ ಎರಡು ಪ್ರಶ್ನೆ ಹಾಕಿದೆ. ಗಿಬ್ಬಿಯು ಏನನ್ನು ಸಿಮುಕಿತು? ತೋರಟೆಯನ್ನು ಸಿಮುಕಿದ್ದು ಯಾವುದು? 28 ಮಕ್ಕಳಲ್ಲಿ 26 ಮಕ್ಕಳು ಎರಡಕ್ಕೂ ಸರಿ ಉತ್ತರ ಬರೆದರು. ಉಳಿದ ಇಬ್ಬರಿಗೆ ಅಕ್ಷರ ಕೂಡಿಸೋದೇ ಕಷ್ಟವಿತ್ತು. "ಮಿಸ್, ಗಿಬ್ಬಿ ಅಂದ್ರೇನು?" ಅಂತ ಒಬ್ಬರೂ ಕೇಳಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಕೂತಾಗ ಹೊಟ್ಟೆಯಲ್ಲಿ ಸಂಕಟ. ಹದಿನಾಲ್ಕು ವರ್ಷದಿಂದ ಇಂಥ ಪ್ರಶ್ನೆಗಳನ್ನೇ ಕೇಳಿ, ಇಂಥ ಉತ್ತರಗಳಿಗೇ ರೈಟ್ ಹಾಕುತ್ತಾ ಬಂದಿದ್ದೆ. ಕನ್ನಡದ ವಿಭಕ್ತಿ ಪ್ರತ್ಯಯ ಎಷ್ಟು ಚೆನ್ನಾಗಿ ದಾರಿ ತೋರಿಸುತ್ತದೆ ಅಂದರೆ, 'ಅನ್ನು' ಹಿಡಿದುಕೊಂಡು ಹೊರಟರೆ ಸಾಕು, ಉತ್ತರ ಸಿಕ್ಕಿಬಿಡುತ್ತದೆ. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಹುಡುಕು, ಅಲ್ಲಿಂದ ಪೂರ್ಣವಿರಾಮದವರೆಗೆ ಬರಿ. ಮಕ್ಕಳು ಮೂರನೇ ಕ್ಲಾಸಿನಿಂದ ಕಲಿತದ್ದು ಇದನ್ನೇ. ಅವರು ಎಲ್ಲೂ ನಿಲ್ಲುತ್ತಿರಲಿಲ್ಲ. ಅರ್ಥ ಆಗದಿದ್ದಾಗ ನಿಲ್ಲಬೇಕು ಅನ್ನೋದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನಮ್ಮದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳ ಹೆಸರು ಇಲ್ಲಿ ಬರೆಯುವುದಿಲ್ಲ.

ಜೊತೆಗೆ ಬಿ.ಎಡ್ ಓದಿದ ಗೆಳತಿಗೆ ಈ ವಿಷಯ ಫೋನಿನಲ್ಲಿ ಹೇಳಿದೆ. ಅವಳು ಎರಡು ಹೆಸರು ಹೇಳಿದಳು. ಒಂದು, ಅಮೆರಿಕದ ಆನ್‌ಮೇರಿ ಪ್ಯಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ತೆಗೆದುಕೊಂಡಿದ್ದೂ ಏಳನೇ ತರಗತಿ ಮಕ್ಕಳನ್ನೇ. ಅಕ್ಷರ ಓದೋದು ಬರುತ್ತದೆ, ಓದಿದ್ದು ಅರ್ಥ ಆಗೋದಿಲ್ಲ, ಅಂಥ ಮಕ್ಕಳು. ಒಂದು ತುಣುಕು ಓದಿ ನಾಲ್ಕು ಕೆಲಸ ಮಾಡಬೇಕು. ಚಿಕ್ಕದಾಗಿ ಹೇಳೋದು, ಪ್ರಶ್ನೆ ಕೇಳೋದು, ಅರ್ಥವಾಗದ್ದನ್ನು ಬಿಡಿಸಿಕೊಳ್ಳೋದು, ಮುಂದೇನಾಗಬಹುದು ಅಂತ ಊಹಿಸೋದು. ಮೊದಲು ಟೀಚರ್ ಮಾಡಿ ತೋರಿಸಬೇಕು, ಆಮೇಲೆ ಮಕ್ಕಳೇ ಸರದಿಯಲ್ಲಿ ಟೀಚರ್ ಆಗಬೇಕು. ಇನ್ನೊಂದು, ಷಿಕಾಗೋದ ಹಾರ್ವಿ ಡೇನಿಯಲ್ಸ್ 1994ರಲ್ಲಿ ಬರೆದ ಪುಸ್ತಕ. ಮಕ್ಕಳು ತಾವೇ ಪುಸ್ತಕ ಆರಿಸಿಕೊಂಡು, ಸಣ್ಣ ಗುಂಪಾಗಿ ಕೂತು, ತಾವೇ ಚರ್ಚೆ ನಡೆಸುವ ಕ್ರಮ ಅದು. ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನಾನು ಎರಡನ್ನೂ ಕಲಸಿಕೊಂಡೆ.

ಮೊದಲ ತೊಂದರೆ ಪುಸ್ತಕದ್ದು. ಗುಂಪು ಚರ್ಚೆಗೆ ಒಂದೇ ಪುಸ್ತಕದ ಐದಾರು ಪ್ರತಿ ಬೇಕು. ನಮ್ಮ ಶಾಲೆಯ ಬೀರುವಿನಲ್ಲಿ ಮುನ್ನೂರು ಪುಸ್ತಕ ಇದ್ದವು, ಎಲ್ಲವೂ ಒಂದೊಂದೇ ಪ್ರತಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಪುಕ್ಕಟೆಯಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಿಸಬಹುದು, ತಪ್ಪಿಲ್ಲ. ಓದಿನ ಮಟ್ಟವನ್ನು ಒಂದರಿಂದ ನಾಲ್ಕು ಅಂತ ಗುರುತಿಸಿರುತ್ತಾರೆ. ಮೂರು ಮತ್ತು ನಾಲ್ಕನೇ ಮಟ್ಟದ ನಾಲ್ಕು ಕತೆ ಆರಿಸಿದೆ. ಐದನೆಯದನ್ನು ನಾನೇ ಬರೆದೆ. ನಮ್ಮ ಕಡೆಯ ಹೊಗೆಸೊಪ್ಪಿನ ಬ್ಯಾರನ್, ಅಂದರೆ ಸೊಪ್ಪು ಬೇಯಿಸೋ ಮನೆ, ಅದರ ಬಗ್ಗೆ ಒಂದು ಕತೆ ಬೇಕಿತ್ತು, ಎಲ್ಲೂ ಸಿಗಲಿಲ್ಲ. ಬರೆದದ್ದು ನಾನು ಅಂತ ಮಕ್ಕಳಿಗೆ ಹೇಳಲಿಲ್ಲ. ಅರಕಲಗೂಡಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಸೇರಿ ಒಂಬೈನೂರು ಚಿಲ್ಲರೆ ಆಯ್ತು.

ಐದೂ ಕತೆಯ ಮೊದಲ ಪುಟವನ್ನು ಓದಿ ಹೇಳಿದೆ. ಮಕ್ಕಳು ಚೀಟಿಯಲ್ಲಿ ಮೊದಲ ಇಷ್ಟ, ಎರಡನೇ ಇಷ್ಟ ಬರೆದುಕೊಟ್ಟರು. ಅದರ ಪ್ರಕಾರ ಐದು ಗುಂಪು. ಬುಧವಾರ, ಶುಕ್ರವಾರ ಕೊನೇ ಪೀರಿಯಡ್.

ಜುಲೈ ಮೊದಲ ವಾರದ ಆ ಬುಧವಾರ ನನಗೆ ಇನ್ನೂ ನೆನಪಿದೆ. ಎಲ್ಲರ ಕೈಯಲ್ಲೂ ಹಾಳೆ ಇತ್ತು. ಒಬ್ಬರು ಪ್ರಶ್ನೆ ತಯಾರಿಸಬೇಕು, ಒಬ್ಬರು ಕಷ್ಟದ ಪದ ಹುಡುಕಬೇಕು, ಒಬ್ಬರು ಇಷ್ಟವಾದ ಸಾಲು ಆರಿಸಬೇಕು, ಒಬ್ಬರು ಚಿತ್ರ ಬರೆಯಬೇಕು, ಒಬ್ಬರು ಕತೆಗೂ ತಮ್ಮ ಮನೆಗೂ ಇರುವ ನಂಟು ಹೇಳಬೇಕು. ಆರು ಜನ ಇದ್ದ ಗುಂಪಲ್ಲಿ ಇನ್ನೊಬ್ಬರು ಸಾರಾಂಶ ಹೇಳಬೇಕು. ಆರೇ ನಿಮಿಷಕ್ಕೆ ಒಂದು ಗುಂಪು "ಆಯ್ತು ಮಿಸ್!" ಅಂತು. ಪ್ರತಿಯೊಬ್ಬರೂ ತಮ್ಮ ಹಾಳೆ ಓದಿ ಕೂತಿದ್ದರು, ಅಷ್ಟೇ. ಪ್ರಶ್ನೆಯವಳು ಕೇಳಿದ್ದು "ಈ ಕತೆಯ ಹೆಸರೇನು? ಬರೆದವರು ಯಾರು?" ಇನ್ನೊಂದು ಗುಂಪು ಪೂರ್ತಿ ನನ್ನ ಕಡೆ ತಿರುಗಿ ಕೂತಿತ್ತು, ನಾನು ಏನಾದರೂ ಹೇಳ್ತೀನಿ ಅಂತ. ಮೂರನೇ ಗುಂಪಲ್ಲಿ ಜಗಳ. ಹೆಡ್‌ಮಾಸ್ಟರ್ ಬಾಗಿಲಿಗೆ ಬಂದು, "ಏನ್ ಮೇಡಂ, ಸಂತೆ ಕೂಡಿದಂಗೆ ಕೇಳ್ತಿದೆ?" ಅಂದರು.

ಮಕ್ಕಳದ್ದೇನೂ ತಪ್ಪಿರಲಿಲ್ಲ. ಅವರು ಪುಸ್ತಕದ ಬಗ್ಗೆ ಮಾತಾಡುವವರನ್ನು ನೋಡಿಯೇ ಇರಲಿಲ್ಲ. ಮನೆಯಲ್ಲಿ ಸಿನಿಮಾ ಬಗ್ಗೆ ಮಾತಾಡ್ತಾರೆ, ಪಂಚಾಯ್ತಿ ಎಲೆಕ್ಷನ್ ಬಗ್ಗೆ ಮಾತಾಡ್ತಾರೆ. ಓದಿದ್ದರ ಬಗ್ಗೆ ಮಾತು ಅಂದರೆ ಅವರಿಗೆ ಗೊತ್ತಿದ್ದದ್ದು ಪಾಠದ ಕೊನೆಯ ಅಭ್ಯಾಸ ಮಾತ್ರ. ನಾನು ಮಾಡಿ ತೋರಿಸುವುದನ್ನು ಬಿಟ್ಟು ನೇರವಾಗಿ ಹಾಳೆ ಹಂಚಿಬಿಟ್ಟಿದ್ದೆ.

ಆದ್ದರಿಂದ ಒಂದು ವಾರ ಗುಂಪು ನಿಲ್ಲಿಸಿದೆ. ಐದು ಮಕ್ಕಳನ್ನು ಕರೆದುಕೊಂಡು ನಡುವೆ ಚಾಪೆ ಮೇಲೆ ಕೂತೆ. ಉಳಿದವರು ಸುತ್ತ ಕೂತು ನೋಡಬೇಕು. ಅರ್ಥವಾಗದ ಹಾಗೆ ನಟಿಸಬಾರದು ಅನ್ನಿಸಿತು, ಮಕ್ಕಳಿಗೆ ನಟನೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ನನಗೆ ನಿಜವಾಗಿ ಅರ್ಥವಾಗದ ಬರಹವೇ ಬೇಕಿತ್ತು. ತವರಿನಿಂದ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಜೊತೆ ಬಂದಿದ್ದ ಕನ್ನಡದ ಕೈಪಿಡಿ ತಂದೆ. ಗಟ್ಟಿಯಾಗಿ ಓದುತ್ತಾ ಹೋದೆ. ಮೂರನೇ ಸಾಲಿಗೆ ನಿಲ್ಲಿಸಿ, "ಇಲ್ಲಿ ನಂಗೆ ಅರ್ಥ ಆಗ್ಲಿಲ್ಲ" ಅಂದೆ.

ಇಡೀ ತರಗತಿ ಸುಮ್ಮನಾಯಿತು. ಟೀಚರ್‌ಗೆ ಅರ್ಥ ಆಗಲಿಲ್ಲವಂತೆ! "ಮೂರು ಫೇಸ್‌ನಲ್ಲಿ ಒಂದು ಹೋದರೆ ಯಾಕೆ ಮೋಟಾರ್ ನಿಲ್ಲಿಸಬೇಕು? ಇನ್ನೂ ಎರಡು ಇವೆಯಲ್ಲ?" ಅಂತ ಕೇಳಿದೆ. ಹೊರಗೆ ಕೂತಿದ್ದ ಒಬ್ಬ ಹುಡುಗ ತಡೆಯಲಾರದೆ, "ಮಿಸ್, ಎರಡರಲ್ಲೇ ಎಳೆದ್ರೆ ಮೋಟಾರ್ ಕಾದು ಸುಟ್ಟೋಗುತ್ತೆ. ಅದಕ್ಕೇ ಅದು ಕಟ್ ಮಾಡುತ್ತೆ" ಅಂದ. ಈಗ ಸಾಲು ಮತ್ತೆ ಓದಿದೆ, ಅರ್ಥ ಆಯಿತು. "ಈಗ ಗೊತ್ತಾಯ್ತು" ಅಂದೆ. ಅವನ ಮುಖ ನೋಡಬೇಕಿತ್ತು. ಆ ವಾರದ ಕೊನೆಗೆ ಮಕ್ಕಳೂ ಅದೇ ಮಾತು ಹೇಳೋಕೆ ಶುರು ಮಾಡಿದರು. "ಇಲ್ಲಿ ನಂಗೆ ಅರ್ಥ ಆಗ್ಲಿಲ್ಲ" ಅನ್ನೋದಕ್ಕೆ ನಾಚಿಕೆ ಹೋಯಿತು. ನನ್ನ ಪ್ರಕಾರ ಇಡೀ ವರ್ಷದಲ್ಲಿ ನಾನು ಮಾಡಿದ ಒಳ್ಳೇ ಪಾಠ ಇದೊಂದೇ.

ಗುಂಪುಗಳು ಮತ್ತೆ ಶುರುವಾದವು. ಈ ಸಲ ಬೇರೆ ಕಷ್ಟ. ಮಾತಾಡೋರೇ ಮಾತಾಡೋದು. ಒಂದು ದಿನ ಒಂದು ಗುಂಪಿನ ಪಕ್ಕ ಕೂತು ಗೆರೆ ಹಾಕುತ್ತಾ ಎಣಿಸಿದೆ. ಒಬ್ಬಳು 23 ಸಲ ಮಾತಾಡಿದ್ದಳು, ಒಬ್ಬ ಒಂದು ಸಲವೂ ಇಲ್ಲ. ಚೌಕಾಬಾರ ಆಡೋಕೆ ಅಂತ ಇಟ್ಟಿದ್ದ ಹುಣಸೆ ಬೀಜದ ಡಬ್ಬಿ ನೆನಪಾಯಿತು. ತಲೆಗೆ ಐದು ಬೀಜ ಕೊಟ್ಟೆ. ಒಂದು ಮಾತಿಗೆ ಒಂದು ಬೀಜ ನಡುವೆ ಇಡಬೇಕು. ಬೀಜ ಖಾಲಿಯಾದರೆ ಕೇಳಿಸಿಕೊಳ್ಳಬೇಕು. ಜಾಸ್ತಿ ಮಾತಾಡುವ ಹುಡುಗಿಯ ಬೀಜ ಮೂರು ನಿಮಿಷಕ್ಕೇ ಮುಗಿದವು. ಅವಳು ಸುಮ್ಮನಿರುವ ಹುಡುಗನ ಹತ್ತಿರ ಸಾಲ ಕೇಳಿದಳು. ಅವನು ಬೀಜವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, "ಕೊಡಲ್ಲ, ನಂಗೂ ಮಾತಿದೆ" ಅಂದ. ಅದೇ ಅವನ ಮೊದಲ ಮಾತು. ಮೂರ್ನಾಲ್ಕು ವಾರ ಆದ ಮೇಲೆ ಬೀಜ ಬೇಕಾಗಲಿಲ್ಲ.

ನನ್ನ ಬಾಯಿಯನ್ನು ಕಟ್ಟಿಹಾಕೋದು ಇನ್ನೂ ಕಷ್ಟವಾಯಿತು. ಒಂದು ಗುಂಪಲ್ಲಿ ಚರ್ಚೆ ಚೆನ್ನಾಗಿ ನಡೆದಿತ್ತು. ಯಾರೋ ಒಂದು ಪದಕ್ಕೆ ತಪ್ಪು ಅರ್ಥ ಹೇಳಿದರು. ನಾನು ತಡೆಯಲಾರದೆ ಸರಿಪಡಿಸಿದೆ. ಅಲ್ಲಿಂದ ಮುಂದೆ ಪ್ರತಿ ಮಾತಿಗೂ ಎಲ್ಲರೂ ನನ್ನ ಮುಖ ನೋಡೋಕೆ ಶುರು ಮಾಡಿದರು. ಚರ್ಚೆ ಅಲ್ಲಿಗೇ ಸತ್ತುಹೋಯಿತು. ಅವತ್ತಿನಿಂದ ಗುಂಪಿನ ಪಕ್ಕ ಕೂತಾಗ ನೋಟ್‌ಬುಕ್ ಮೇಲೆ ಕಣ್ಣಿಟ್ಟು ಕೂರುತ್ತಿದ್ದೆ, ತಲೆ ಎತ್ತುತ್ತಿರಲಿಲ್ಲ. ತಪ್ಪುಗಳನ್ನು ಬರೆದುಕೊಂಡು, ಕೊನೆಯ ಐದು ನಿಮಿಷದಲ್ಲಿ ಎಲ್ಲರಿಗೂ ಸೇರಿಸಿ ಹೇಳುತ್ತಿದ್ದೆ. ಅರ್ಧದಷ್ಟು ತಪ್ಪನ್ನು ಅಷ್ಟರೊಳಗೆ ಅವರೇ ಸರಿ ಮಾಡಿಕೊಂಡಿರುತ್ತಿದ್ದರು.

ಆಗಸ್ಟ್‌ನಲ್ಲಿ ಹಾಜರಿ ಇಳಿಯಿತು. ನಮ್ಮ ಕಡೆ ಆಗ ಹೊಗೆಸೊಪ್ಪು ಬೇಯಿಸೋ ಕಾಲ. ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್‌ಗೆ ಏರಿಸಬೇಕು. ಒಲೆ ಹಗಲೂ ರಾತ್ರಿ ಉರಿಯಬೇಕು, ಶಾಖ ಹೆಚ್ಚುಕಮ್ಮಿ ಆಗಬಾರದು. ಮನೆಮಂದಿಯೆಲ್ಲ ಅದರಲ್ಲೇ. ಗುಂಪಿನಲ್ಲಿ ಇಬ್ಬರಿಲ್ಲ, ಮೂವರಿಲ್ಲ. ಪದ ಹುಡುಕುವವನೇ ಬಂದಿಲ್ಲ ಅಂತ ಕೆಲಸ ನಿಲ್ಲುತ್ತಿತ್ತು. ಇದರಿಂದ ಒಂದು ಒಳ್ಳೆಯದೂ ಆಯಿತು. ಹಾಳೆ ಬದಿಗಿಟ್ಟು ಎಲ್ಲರೂ ಎಲ್ಲ ಕೆಲಸವನ್ನೂ ಮಾಡೋಕೆ ಶುರು ಮಾಡಿದರು. ಈ ಹಾಳೆಗಳಿಗೇ ಅಂಟಿಕೊಂಡರೆ ಚರ್ಚೆ ಯಾಂತ್ರಿಕ ಆಗಿಬಿಡುತ್ತದೆ ಅಂತ ಡೇನಿಯಲ್ಸ್ ಅವರೇ ಪುಸ್ತಕದ 2002ರ ಆವೃತ್ತಿಯಲ್ಲಿ ಎಚ್ಚರಿಸಿದ್ದಾರೆ ಅಂತ ಗೆಳತಿ ಆಮೇಲೆ ಹೇಳಿದಳು. ನಮಗೆ ಅದನ್ನು ಹೊಗೆಸೊಪ್ಪು ಕಲಿಸಿತು.

ಬ್ಯಾರನ್ ಕತೆ ಓದುತ್ತಿದ್ದ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಜೂನ್‌ನಲ್ಲಿ ಅಕ್ಷರ ಕೂಡಿಸೋದೇ ಕಷ್ಟ ಅಂದೆನಲ್ಲ, ಆ ಇಬ್ಬರಲ್ಲಿ ಒಬ್ಬ. ಅವನಿಗೆ ಗುಂಪಿನ ಒಬ್ಬಳು ಬಿಸಿಯೂಟದ ಮೇಲೆ ಮರದ ಕೆಳಗೆ ಕೂತು ಕತೆ ಓದಿ ಹೇಳುತ್ತಿದ್ದಳು. ಅವನು ಬೆರಳಿಟ್ಟು ನೋಡುತ್ತಾ ಕೇಳುತ್ತಿದ್ದ. ಕತೆಯಲ್ಲಿ ಒಬ್ಬ ಅಪ್ಪ ರಾತ್ರಿ ಬ್ಯಾರನ್ ಒಲೆ ಮುಂದೆ ಕೂತಲ್ಲೇ ನಿದ್ದೆ ಹೋಗುತ್ತಾನೆ. ಬೆಂಕಿ ಆರಿ ಸೊಪ್ಪಿನ ಬಣ್ಣ ಕೆಡುತ್ತದೆ. ಮಗಳು ನೋಡಿದರೂ ಎಬ್ಬಿಸುವುದಿಲ್ಲ.

ಗುಂಪಿನ ತೀರ್ಮಾನ ಬೇಗ ಆಗಿಹೋಯಿತು. ಅಪ್ಪನಿಗೆ ಜವಾಬ್ದಾರಿ ಇಲ್ಲ. ಒಬ್ಬಳು "ಕುಡಿದಿರಬೇಕು" ಅಂದಳು.

"ಇಲ್ಲ ಕಣೇ" ಅಂದ ಹುಡುಗ. "ಅವ್ನು ಮೂರು ದಿನದಿಂದ ಮಲಗಿಲ್ಲ."

"ಹಂಗಂತ ಎಲ್ಲಿದೆ? ಸಾಲು ತೋರಿಸು."

ಹುಡುಗ ಪ್ರತಿ ತೆಗೆದುಕೊಂಡ. ಬೆರಳಿಟ್ಟು ಹುಡುಕಿದ. ಒಂದು ಪುಟ ತಿರುಗಿಸಿದ, ಮತ್ತೆ ಹಿಂದಕ್ಕೆ ಬಂದ. ಎರಡು ನಿಮಿಷವಾದರೂ ಆಗಿರಬೇಕು. ನಾನು ತಲೆ ಎತ್ತಲಿಲ್ಲ. ಪುಣ್ಯಕ್ಕೆ ಮಕ್ಕಳೂ ಕಾದರು, ಯಾರೂ ಕೈಯಿಂದ ಕಸಿದುಕೊಳ್ಳಲಿಲ್ಲ. ಕೊನೆಗೆ ಬೆರಳು ಒಂದು ಕಡೆ ನಿಂತಿತು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಅಪ್ಪ ಮೂರು ದಿನದಿಂದ ಸುತ್ತಿಟ್ಟ ಚಾಪೆಯನ್ನು ಬಿಡಿಸಿರಲಿಲ್ಲ."

"ಇದು ಚಾಪೆ ಬಗ್ಗೆ ಅಲ್ವಾ?" ಅಂದಳು ಆ ಹುಡುಗಿ. ಚೆನ್ನಾಗಿ ಓದುತ್ತಾಳೆ ಅಂತ ಮೊದಲೇ ಹೇಳಿದೆನಲ್ಲ, ಅವಳೇ.

"ಚಾಪೆ ಬಿಡಿಸಿಲ್ಲ ಅಂದ್ರೆ ಮಲಗಿಲ್ಲ ಅಂತ ತಾನೆ? ನಮ್ಮಪ್ಪಂದೂ ಹಂಗೇ. ಕುಂತಲ್ಲೇ ತೂಕಡಿಸ್ತಾನೆ. ಅದಕ್ಕೇ ಅವ್ಳು ಎಬ್ಬಿಸಿಲ್ಲ. ಪಾಪ ಅನ್ಸೈತೆ ಅವ್ಳಿಗೆ."

ಆ ಸಾಲು ಬರೆದವಳು ನಾನು. ಅಪ್ಪ ಮಲಗಿಲ್ಲ ಅನ್ನೋದನ್ನು ಬೇಕೆಂದೇ ಹಾಗೆ ಬಚ್ಚಿಟ್ಟಿದ್ದೆ. ಆದರೆ ಮಗಳು ಎಬ್ಬಿಸದೇ ಇದ್ದದ್ದಕ್ಕೂ ಆ ಚಾಪೆಗೂ ನಂಟಿದೆ ಅಂತ ಬರೆಯುವಾಗ ನನಗೇ ಹೊಳೆದಿರಲಿಲ್ಲ. ಮಗಳು ಹೆದರಿ ಸುಮ್ಮನಿದ್ದಳು ಅಂತ ನಾನು ಅಂದುಕೊಂಡಿದ್ದೆ. ಹುಡುಗ ಹೇಳಿದ್ದೇ ಚೆನ್ನಾಗಿತ್ತು. ನೋಟ್‌ಬುಕ್ ಮೇಲೆ ಕಣ್ಣಿಟ್ಟಿದ್ದೆ, ಅಕ್ಷರ ಕಾಣಿಸುತ್ತಿರಲಿಲ್ಲ.

"ಸಾಲು ತೋರಿಸು" ಅನ್ನೋದು ಅಲ್ಲಿಂದ ಇಡೀ ತರಗತಿಯ ಮಾತಾಯಿತು. ಸಮಾಜ ವಿಜ್ಞಾನದ ಸರ್ ಹತ್ತಿರವೂ ಕೇಳಿದರಂತೆ.

ದಸರಾ ರಜೆ ಮುಗಿದ ಮೇಲೆ ಎರಡನೇ ಸುತ್ತು. ಈ ಸಲ ಕತೆ ಸ್ವಲ್ಪ ಉದ್ದವಿರಲಿ ಅಂತ ಒಂದು ಗುಂಪಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಕೊಟ್ಟೆ. ಆರು ಪ್ರತಿಯಲ್ಲಿ ಒಂದು ನನ್ನದು, ಒಂದು ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದ್ದು, ಉಳಿದವು ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಕೊಡಿಸಿದ್ದು. ಅದರಲ್ಲಿ ತೇಜಸ್ವಿಯವರ ನಾಯಿಯ ಹೆಸರು ಕಿವಿ. ಪುಸ್ತಕವನ್ನು ನಡುವಿನಿಂದ ಓದೋಕೆ ಶುರು ಮಾಡಿದ್ದ ಒಬ್ಬ, ಗುಂಪು ಕೂತ ತಕ್ಷಣ ಹೇಳಿದ, "ಇಲ್ಲಿ ನಂಗೆ ಅರ್ಥ ಆಗ್ಲಿಲ್ಲ. ಕಿವಿ ಹೆಂಗೆ ಓಡಿಹೋಗುತ್ತೆ?" ಎಲ್ಲರೂ ನಕ್ಕರು, ಅವನೂ ನಕ್ಕ. ನನಗೆ ಆದ ಸಂತೋಷ ಬೇರೆ. ಜೂನ್ ತಿಂಗಳಾಗಿದ್ದರೆ ಇದೇ ಹುಡುಗ ಓಡುವ ಕಿವಿಯನ್ನು ಹಾಗೇ ಓದಿಕೊಂಡು ಹೋಗಿರುತ್ತಿದ್ದ. ಪ್ರಶ್ನೆ ಕೇಳಿದ್ದರೆ "ಕಿವಿಯು ಓಡಿತು" ಅಂತ ಉತ್ತರವನ್ನೂ ಬರೆದಿರುತ್ತಿದ್ದ.

ಸಿಲಬಸ್ ಮುಗಿಯುತ್ತದಾ ಅಂತ ಹೆಡ್‌ಮಾಸ್ಟರ್ ಒಂದೆರಡು ಸಲ ಕೇಳಿದರು. ಅವರ ಆತಂಕವೂ ಸರಿಯೇ. ಎಫ್‌ಎಗೆ, ಅಂದರೆ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಹೇಗಿದ್ದರೂ ಚಟುವಟಿಕೆ ಮಾಡಿಸಲೇಬೇಕು. ಈ ಚರ್ಚೆಯನ್ನೇ ಚಟುವಟಿಕೆಯಾಗಿ ದಾಖಲೆ ಮಾಡಿದೆ. ಅವರೂ ಒಂದು ಶುಕ್ರವಾರ ಬಂದು ಗುಂಪಿನಲ್ಲಿ ಕೂತರು. ಆಮೇಲೆ ಕೇಳಲಿಲ್ಲ.

ಎಲ್ಲವೂ ಆಗಲಿಲ್ಲ. ಅಕ್ಷರ ಗಟ್ಟಿಯಿಲ್ಲದ ಮಕ್ಕಳಿಗೆ ಗುಂಪೊಂದೇ ಸಾಲದು. ಆ ಇಬ್ಬರನ್ನು ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಬೇರೆ ಕೂರಿಸಿಕೊಂಡು ಒತ್ತಕ್ಷರ ಕಲಿಸಬೇಕಾಯಿತು. ಒಬ್ಬ ತುಂಬಾ ಮುಂದೆ ಬಂದ, ಇನ್ನೊಬ್ಬಳು ಅಷ್ಟು ಬರಲಿಲ್ಲ. ಕೆಲವರ ಕಾಗುಣಿತದ ತಪ್ಪು ಹಾಗೇ ಉಳಿಯಿತು. ಒಂದು ಗುಂಪು ಕೊನೆಯವರೆಗೂ ಜಗಳದಲ್ಲೇ ಇತ್ತು. ಅದನ್ನು ಇನ್ನೂ ಬೇಗ ಒಡೆದು ಬೇರೆ ಮಾಡಬೇಕಿತ್ತು, ಸುಮ್ನೆ ಕಾಯುತ್ತಾ ಕೂತೆ.

ಜೂನ್ ಕೊನೆಯಲ್ಲಿ ಒಂದು ಪುಟದ ಹೊಸ ಬರಹ ಕೊಟ್ಟು, ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಅಂದಿದ್ದೆ. 28 ಹಾಳೆಯಲ್ಲಿ ಒಟ್ಟು ಮೂರು ಚಿಹ್ನೆ ಇದ್ದವು. ಫೆಬ್ರವರಿಯಲ್ಲಿ ಅಷ್ಟೇ ಕಷ್ಟದ ಇನ್ನೊಂದು ಪುಟ ಕೊಟ್ಟೆ. ಚಿಹ್ನೆ ಎಣಿಸೋಕೆ ಒಂದು ಪೀರಿಯಡ್ ಬೇಕಾಯಿತು, 140 ದಾಟಿದವು. ಓದಿನಲ್ಲಿ ಮುಂದಿದ್ದ ಹುಡುಗಿಯ ಹಾಳೆಯಲ್ಲೇ 11. ಮೊದಲನೆಯದು ಒಂದು ಪದಕ್ಕೆ. ಕೊನೆಯದು ಒಂದು ಸಾಲಿನ ಪಕ್ಕ. ಆ ಸಾಲಿನಲ್ಲಿ ಕಷ್ಟದ ಪದವೇ ಇರಲಿಲ್ಲ. ಅವಳನ್ನು ಕರೆದು ಕೇಳಿದೆ. "ಪದ ಎಲ್ಲಾ ಗೊತ್ತು ಮಿಸ್. ಆದ್ರೆ ಮೇಲಿನ ಪ್ಯಾರಾದಲ್ಲಿ ಮಳೆ ಬಂದಿಲ್ಲ ಅಂದವ್ರು ಇಲ್ಲಿ ಕೆರೆ ತುಂಬಿದೆ ಅಂತಾರೆ. ಹೆಂಗೆ?" ಅಂದಳು. ನಾನು ಆ ಪುಟವನ್ನು ನಾಲ್ಕು ಸಲ ಓದಿ ಆರಿಸಿದ್ದೆ. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಪುಸ್ತಕಗಳನ್ನು ಬೀರುವಿಗೆ ಸೇರಿಸುವಾಗ ಬ್ಯಾರನ್ ಕತೆಯ ಒಂದು ಪ್ರತಿ ಕಡಿಮೆ ಇತ್ತು. ಎರಡು ದಿನ ಬಿಟ್ಟು ಚಾಪೆಯ ಸಾಲು ಹುಡುಕಿದ್ದ ಹುಡುಗ ತಂದುಕೊಟ್ಟ. ಅಂಚೆಲ್ಲ ಮಡಚಿ, ಹೊಗೆ ವಾಸನೆ ಹೊಡೆಯುತ್ತಿತ್ತು. "ಅಕ್ಕ ಓದ್ತಿದ್ಲು ಮಿಸ್" ಅಂದ. ಅವನ ಅಕ್ಕ ಒಂಬತ್ತನೇ ಕ್ಲಾಸು, ಪಕ್ಕದೂರಿನ ಹೈಸ್ಕೂಲು. ಪುಟ ತಿರುಗಿಸಿದೆ. ಮೂರು ಕಡೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಇತ್ತು. ಒಂದರ ಪಕ್ಕ, ನನಗೆ ಪರಿಚಯವಿಲ್ಲದ ಗುಂಡನೆಯ ಅಕ್ಷರದಲ್ಲಿ ಬರೆದಿತ್ತು: "ಅಮ್ಮ ಎಲ್ಲಿ?"

ಕತೆಯಲ್ಲಿ ಅಮ್ಮ ಇಲ್ಲ. ನಾನು ಬರೆದೇ ಇರಲಿಲ್ಲ.